ಮೀರಾ ರೋಡಿನ ಮನೆ



ಪರಸ್ಥಳಗಳಲ್ಲಿ ನೆಲೆಸಿರುವ ತಮ್ಮಿಂದ ಮಠಕ್ಕೆ ಬರುವ ಪತ್ರಗಳಲ್ಲಿ ಗೃಹಪ್ರವೇಶದ, ಮಕ್ಕಳ ಮದುವೆಯ ಬಿನ್ನಹಗಳೇ ಹೆಚ್ಚು. ಸಲಹೆ ಕೇಳಿ ಬರೆಯುವವರು ವಿರಳ. ಬರೆದರೂ, ತಾವು ಈಗಾಗಲೇ ನಿಶ್ಚಯಿಸಿಕೊಂಡ ಕಾರ್ಯಕ್ಕೆ ನಮ್ಮ ಒಪ್ಪಿಗೆಯೊಂದಿರಲಿ ಎಂದು ಬರೆಯುವವರೇ ಬಹಳ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 2025ರ ಶ್ರಾವಣ ಮಾಸದಲ್ಲಿ ಮುಂಬಯಿಯ ಕಡೆಯಿಂದ ಬಂದ ಪತ್ರವೊಂದು ನಿಜವಾಗಿಯೂ ಪ್ರಶ್ನೆಯಾಗಿತ್ತು. ಅಷ್ಟೇ ಅಲ್ಲ, ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನಾವು ಒಮ್ಮೆ ಉತ್ತರಿಸಿ ಕೆಡಿಸಿದ್ದ ಪ್ರಶ್ನೆಯೇ ಅದಾಗಿತ್ತು. ಆದಕಾರಣ ಅದನ್ನು ಇಲ್ಲಿ ತಮ್ಮ ಮುಂದೆ ಇಡಬೇಕೆನಿಸಿತು.

ಪತ್ರ ಬರೆದವನು 1994ರಿಂದ ಐದು ವರ್ಷ ನಮ್ಮ ನಿಲಯದಲ್ಲಿದ್ದು ಕಾಮರ್ಸ್ ಪದವಿ ಪಡೆದ, ನವಲಗುಂದದ ಕಡೆಯ ಹುಡುಗ. ಹುಡುಗ ಎನ್ನುವುದು ನಮ್ಮ ರೂಢಿ. ಈಗ ಅವನಿಗೆ ನಲವತ್ತೇಳು. ಮುಂಬಯಿಯ ಲೋವರ್ ಪರೇಲಿನಲ್ಲಿ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಹನ್ನೊಂದು ವರ್ಷಗಳಿಂದ ಮೀರಾ ರೋಡಿನಲ್ಲಿ ಬಾಡಿಗೆಯ ಮನೆ. ಮಾಲೀಕರು ಮನೆಯನ್ನು ಮಾರಬೇಕೆಂದಿದ್ದರು. ಅವನ ಬರಹ ಹೀಗಿತ್ತು: "ಅಜ್ಜಾರ, ಈ ಮನಿ ತಗೊಳ್ಳೋದೋ, ಎಲ್ಲಾ ಬಿಟ್ಟು ಹುಬ್ಬಳ್ಳಿಗೆ ಬರೋದೋ ತಿಳೀವಲ್ದು. ತಾವು ಒಮ್ಮೆ ಬಂದು ನೋಡಿ ಹೇಳ್ರಿ. ನೋಡದನ ಹೇಳಬ್ಯಾಡ್ರಿ."

ಆ ಕೊನೆಯ ಮಾತನ್ನು ಅವನು ಸಹಜವಾಗಿ ಬರೆದಿದ್ದ. ನಮಗೆ ಮಾತ್ರ ಅದು ನಾಟಿತು. ಏಕೆಂದರೆ 2001ರಲ್ಲಿ ನಾವು ನೋಡದೆಯೇ ಹೇಳಿದ್ದೆವು.

ಆಗ ನಾವು ಪೀಠಕ್ಕೆ ಬಂದು ಎರಡು ವರ್ಷವಾಗಿತ್ತು. ಪಾಠಶಾಲೆಯಲ್ಲಿ ತರ್ಕ, ವ್ಯಾಕರಣಗಳನ್ನೂ ಧಾರವಾಡದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿ ಬಂದಿದ್ದ ವಯಸ್ಸು. 'ತಿಳಿಯದು' ಎನ್ನುವ ಅಭ್ಯಾಸ ಇನ್ನೂ ಬಂದಿರಲಿಲ್ಲ. ಪರೇಲಿನ ಚಾಳಿನಲ್ಲಿದ್ದ ಭಕ್ತರೊಬ್ಬರು ಜಾತ್ರೆಗೆ ಬಂದಿದ್ದರು. ಅವರ ತಂದೆ, ವಿಜಾಪುರ ಜಿಲ್ಲೆಯು ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಗಿರಣಿಯ ಕೆಲಸಕ್ಕೆ ಹೋದವರು. ಇವರು ಕೋಟೆ ಭಾಗದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಕಚೇರಿಯ ಗುಮಾಸ್ತರು. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಕೋಣೆಯಲ್ಲಿ ವೃದ್ಧ ತಾಯಿ, ಹೆಂಡತಿ, ಮೂವರು ಮಕ್ಕಳು. ಮೀರಾ ರೋಡಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಜಾಗಕ್ಕೆ ಮುಂಗಡ ಕೊಟ್ಟು ಬಂದಿದ್ದರು. ಆಶೀರ್ವಾದ ಬೇಡಿದರು.

ನಾವು ಉಪದೇಶ ಮಾಡಿದೆವು. "ಹತ್ತು ಮತದವರು ಕಲೆತ ಊರು ಅದು. ಪಕ್ಕದ ಮನೆಯಲ್ಲಿ ಮೀನು, ಎದುರು ಮನೆಯಲ್ಲಿ ಮಾಂಸ. ಬೆಳೆಯುವ ಮಕ್ಕಳನ್ನು ಅಲ್ಲಿಟ್ಟು ಸಂಸ್ಕಾರವನ್ನು ಹೇಗೆ ಉಳಿಸಿಕೊಳ್ಳುವಿರಿ? ನಮ್ಮವರಿರುವ ಕಡೆ ನೋಡಿರಿ" ಎಂದೆವು. ಅವರು ಕೈಮುಗಿದು ಹೋದರು. ಮುಂಗಡದ ಹಣವನ್ನೂ ಬಿಟ್ಟುಕೊಟ್ಟರೆಂದು ಬಹಳ ತಡವಾಗಿ ತಿಳಿಯಿತು. ಮುಂದಿನ ಕಥೆಗೆ ಆಮೇಲೆ ಬರುತ್ತೇವೆ.

ಈ ಸಲ ಕಾರ್ತಿಕದಲ್ಲಿ ಹುಬ್ಬಳ್ಳಿಯಿಂದ ದಾದರಿಗೆ ಹೋಗುವ ಗಾಡಿ ಹತ್ತಿದೆವು. ಐದು ದಿನ ಆ ಮನೆಯಲ್ಲಿಯೇ ಇದ್ದೆವು.

ಮೀರಾ ರೋಡನ್ನು ಕಾಣದವರಿಗಾಗಿ ಒಂದಿಷ್ಟು ಹೇಳಬೇಕು. ಚರ್ಚ್‌ಗೇಟಿನಿಂದ ಉತ್ತರಕ್ಕೆ ಹೊರಡುವ ಪಶ್ಚಿಮ ರೈಲುಮಾರ್ಗದಲ್ಲಿ ಸುಮಾರು 40 ಕಿಲೋಮೀಟರ್ ದೂರದಲ್ಲಿ, ದಹಿಸರ ಮತ್ತು ಭಾಯಂದರಗಳ ನಡುವೆ ಈ ನಿಲ್ದಾಣವಿದೆ. ದಹಿಸರಕ್ಕೆ ಮುಂಬಯಿ ಮಹಾನಗರಪಾಲಿಕೆಯ ಎಲ್ಲೆ ಮುಗಿಯುತ್ತದೆ. ಇದು ಠಾಣೆ ಜಿಲ್ಲೆ. ವಿರಾರದಿಂದ ಮುಂಬಯಿಗೆ ಈ ಮಾರ್ಗದಲ್ಲಿ ಗಾಡಿ ಓಡತೊಡಗಿದ್ದು 1867ರಲ್ಲಿ. ಆದರೆ ಊರು ಬೆಳೆದದ್ದು ನಮ್ಮ ಕಾಲದಲ್ಲಿಯೇ. ನಿಲ್ದಾಣದ ಪಶ್ಚಿಮಕ್ಕೆ ಇಂದಿಗೂ ಉಪ್ಪಿನಾಗರ, ಕಾಂಡ್ಲಾ ಗಿಡಗಳ ಜವುಗು. ಮನೆಗಳೆಲ್ಲ ಪೂರ್ವಕ್ಕೆ. 1982ರ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ನಿಂತರು. ಬಹುಪಾಲು ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ನಗರದ ನಡುವಿನ ಕೋಣೆಗಳನ್ನು ಬಿಟ್ಟವರು ಅಗ್ಗದ ಜಾಗ ಹುಡುಕಿ ಉತ್ತರಕ್ಕೆ ಸರಿದರು. 1992–93ರ ಗಲಭೆಗಳ ತರುವಾಯ ಪ್ರಾಣಭಯದಿಂದ ಮುಸಲ್ಮಾನ ಕುಟುಂಬಗಳು ಮುಂಬ್ರಾಕ್ಕೂ ಮೀರಾ ರೋಡಿಗೂ ಬಂದವು. ರಾಜಸ್ಥಾನ, ಗುಜರಾತಿನ ಜೈನ ವ್ಯಾಪಾರಿಗಳು, ಕೊಂಕಣದ ಮರಾಠಿಗರು, ಉತ್ತರ ಪ್ರದೇಶದವರು, ಕೇರಳದವರು, ಹೋಟೆಲು ನಡೆಸುವ ನಮ್ಮ ಉಡುಪಿ, ಮಂಗಳೂರು ಕಡೆಯವರು ಎಲ್ಲರೂ ಸೇರಿದರು. ಇವರಿಗೆಲ್ಲ ಮೊದಲು ಇದ್ದವರು ಆಗರಿ, ಕೋಳಿ ಜನ ಹಾಗೂ ಸಮುದ್ರದ ದಂಡೆಯ ಉತ್ತನದ ಕ್ರೈಸ್ತ ಮೀನುಗಾರರು. ಮೀರಾ–ಭಾಯಂದರದ ಜನಸಂಖ್ಯೆ 2001ರಲ್ಲಿ 5 ಲಕ್ಷ 20 ಸಾವಿರ; 2011ರಲ್ಲಿ 8 ಲಕ್ಷ 9 ಸಾವಿರ.

ನಮ್ಮ ಹುಡುಗನ ಕಟ್ಟಡವೂ ಹಾಗೆಯೇ. ನಾಲ್ಕು ಮಹಡಿ, ಲಿಫ್ಟಿಲ್ಲ, ಗೋಡೆಯ ಮೇಲೆ ಮಳೆನೀರಿನ ಕಪ್ಪು ಗೆರೆಗಳು. ನಿಲ್ದಾಣದಿಂದ ಹತ್ತು ನಿಮಿಷದ ಕಾಲ್ನಡಿಗೆ. ಇವನದು ಮೂರನೆಯ ಮಹಡಿ. ಎದುರು ಬಾಗಿಲಿನಲ್ಲಿ ಆಸ್ಪತ್ರೆಯಲ್ಲಿ ದಾದಿಯಾಗಿರುವ ಕ್ರೈಸ್ತ ಹೆಣ್ಣುಮಗಳು. ಮೇಲೆ ಉರ್ದು ಮಾತಾಡುವ ಮುಸಲ್ಮಾನ ಕುಟುಂಬ. ಕೆಳಗೆ ಕಿರಾಣಿ ಅಂಗಡಿಯ ರಾಜಸ್ಥಾನಿ. ನಾವು ಬಂದ ಮರುದಿನ ಮೇಲಿನ ಮನೆಯ ವೃದ್ಧೆ ಮೆಟ್ಟಿಲಿನಲ್ಲಿ ನಮ್ಮ ಕಾವಿಯನ್ನು ಕಂಡು, ಆ ಮೇಲೆ ಮನೆಯಾಕೆಯನ್ನು ಕೇಳಿದರಂತೆ: "ನಿಮ್ಮ ಪೀರ್ ಸಾಹೇಬರು ಬಂದಿದ್ದಾರೆಯೇ?" ನಮ್ಮ ಸೀಮೆಯಲ್ಲಿ ಪೀರರಿಗೂ ಮಠಕ್ಕೂ ಒಂದೇ ಕಾಯಿ ಒಡೆಯುವ ಊರುಗಳಿರುವುದು ಆ ತಾಯಿಗೆ ತಿಳಿದಿರಲಾರದು.

ಎಲ್ಲವೂ ಹೀಗೆ ಸವಿಯಾಗಿಯೇ ಇತ್ತೆಂದು ತಿಳಿಯಬೇಡಿರಿ. ಎರಡನೆಯ ದಿನ ಸಂಜೆ ಪೂಜೆಗೆ ಕುಳಿತಾಗ ಯಾವುದೋ ಮನೆಯಿಂದ ಒಣಮೀನು ಹುರಿಯುವ ವಾಸನೆ ಕಿಟಕಿಯಲ್ಲಿ ಬಂದಿತು. ನಮ್ಮ ಚಿತ್ತ ಕದಲಿತು. ಐವತ್ತು ದಾಟಿದ ಸನ್ಯಾಸಿಗೆ ಹಾಗಾಗಬಾರದು ಎನ್ನುವುದು ಬೇರೆ ಮಾತು, ಆದದ್ದು ನಿಜ. ಪ್ರತಿದಿನ ಅಲ್ಲಿಯೇ ಪೂಜೆ ಮಾಡಬೇಕಾದ ಗೃಹಿಣಿಗೆ ಹೇಗಿರುತ್ತದೆಂದು ಕೇಳಿದೆವು. "ಮೊದಲ ವರ್ಷ ಭಾಳ ತ್ರಾಸ ಆತ್ರೀ. ಈಗ ಪೂಜಿ ಬೆಳಿಗ್ಗೆ ಐದಕ್ಕ ಮುಗಸ್ತೀನಿ" ಎಂದಳು. ಅವಳ ಉತ್ತರದಲ್ಲಿ ದೂರಿರಲಿಲ್ಲ, ನೆಮ್ಮದಿಯೂ ಇರಲಿಲ್ಲ.

ಮತ್ತೊಂದು ಸಂಗತಿಯನ್ನು ಅವಳೇ ಹೇಳಿದಳು. 2021ರ ಏಪ್ರಿಲಿನಲ್ಲಿ ಗಂಡ ಕೊರೋನಾದಿಂದ ಆಸ್ಪತ್ರೆ ಸೇರಿ ಹನ್ನೊಂದು ದಿನ ಇದ್ದ. ತಾಯಿ, ಮಗಳು ಮನೆಯೊಳಗೆ ಬಂದಿ. ಕೆಳಗಿನ ಅಂಗಡಿಯವನು ದಿನವೂ ಹಾಲು, ಹಿಟ್ಟನ್ನು ಬಾಗಿಲಿಗಿಟ್ಟು ಹೋಗುತ್ತಿದ್ದ, ಹಣದ ಮಾತೆತ್ತಲಿಲ್ಲ. ಎದುರು ಮನೆಯ ದಾದಿ, ತನ್ನ ಪಾಳಿ ಮುಗಿದ ಮೇಲೆ ಆ ಆಸ್ಪತ್ರೆಯಲ್ಲಿದ್ದ ಪರಿಚಯದವರಿಗೆ ಫೋನು ಮಾಡಿ ರೋಗಿಯ ಸ್ಥಿತಿಯನ್ನು ಬಾಗಿಲಾಚೆಯಿಂದ ಹೇಳುತ್ತಿದ್ದಳು. ನಮ್ಮ ಸಮಾಜದ ಬಂಧುಗಳು ಫೋನಿನಲ್ಲಿ ಧೈರ್ಯ ಹೇಳಿದರು. ಆ ದಿನಗಳಲ್ಲಿ ಬರುವುದು ಯಾರಿಗೂ ಸಾಧ್ಯವಿರಲಿಲ್ಲ. ಮಠಕ್ಕೆ ಸುದ್ದಿ ಮುಟ್ಟಿದ್ದು ಒಂದು ತಿಂಗಳ ತರುವಾಯ.

ಇನ್ನು ರೈಲು. ಅದನ್ನು ನೋಡದೆ ಆ ಊರನ್ನು ತೂಗಲಾಗದೆಂದು ಮೂರನೆಯ ದಿನ ಬೆಳಿಗ್ಗೆ ಅವನೊಡನೆ ಕಚೇರಿಗೆ ಹೊರಟೆವು. ಅವನು ಬೇಡವೆಂದು ಬಹಳ ಬೇಡಿಕೊಂಡ. ನಾವು ಕೇಳಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ವಿರಾರದಿಂದ ಬರುವ ಗಾಡಿಗಳು ಅಲ್ಲಿಗೆ ಬರುವಷ್ಟರಲ್ಲಿ ತುಂಬಿಯೇ ಇರುತ್ತವೆ. ಬಾಗಿಲಿಗೆ ಜೇನುಹುಟ್ಟಿನಂತೆ ಜನ. ಎರಡು ಗಾಡಿಗಳನ್ನು ಬಿಟ್ಟೆವು. ಮೂರನೆಯದಕ್ಕೆ ನಾವು ಹತ್ತಲಿಲ್ಲ, ಹತ್ತಿಸಲ್ಪಟ್ಟೆವು ಎನ್ನಬೇಕು. ಒಂಬತ್ತು ಡಬ್ಬಿಗಳ ಗಾಡಿಯಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಗಿಲು ಜನ ಹೋಗುತ್ತಿದ್ದರೆಂದೂ, ಒಂದು ಚದರ ಮೀಟರಿನಲ್ಲಿ ಹದಿನಾಲ್ಕರಿಂದ ಹದಿನಾರು ಮಂದಿ ನಿಲ್ಲುತ್ತಿದ್ದರೆಂದೂ ರೈಲ್ವೆಯವರ ಲೆಕ್ಕವನ್ನು ಓದಿದ್ದೆವು. ಈಗ ಹನ್ನೆರಡು, ಹದಿನೈದು ಡಬ್ಬಿಗಳ ಗಾಡಿಗಳಿವೆ. ಓದಿದ ಲೆಕ್ಕ ಬೇರೆ, ಅದರೊಳಗೆ ಒಂದು ಅಂಕಿಯಾಗುವುದು ಬೇರೆ. ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ ಸತ್ತವರು 2024ರಲ್ಲಿಯೂ ಎರಡು ಸಾವಿರಕ್ಕೂ ಹೆಚ್ಚು.

ಆದರೆ ಒಳಗೆ ಒಂದು ವ್ಯವಸ್ಥೆಯಿದೆ. ಮೂವರು ಕೂರುವ ಆಸನದಲ್ಲಿ ನಾಲ್ಕನೆಯವನಿಗೆ ಅರ್ಧ ಜಾಗ ಕೊಡಲೇಬೇಕು; ಅದಕ್ಕೆ 'ಚೌಥೀ ಸೀಟ್' ಎಂದೇ ಹೆಸರು. ದಿನವೂ ಒಂದೇ ಗಾಡಿಗೆ ಹೋಗುವ ಗೆಳೆಯರಲ್ಲಿ ಅರ್ಧ ದಾರಿಯವರೆಗೆ ಕುಳಿತವನು ಎದ್ದು ನಿಂತವನಿಗೆ ಸ್ಥಳ ಬಿಡುತ್ತಾನೆ. ಯಾರೂ ಬರೆದಿಟ್ಟ ನಿಯಮವಲ್ಲ. ಕೆಲವರು ಸ್ಥಳ ಸಿಗಲೆಂದು ಮೊದಲು ಉಲ್ಟಾ ದಿಕ್ಕಿನಲ್ಲಿ ಭಾಯಂದರಕ್ಕೋ ವಿರಾರಕ್ಕೋ ಹೋಗಿ ಅದೇ ಗಾಡಿಯಲ್ಲಿ ತಿರುಗಿ ಬರುತ್ತಾರೆ. ಕುಳಿತುಕೊಳ್ಳುವುದಕ್ಕಾಗಿ ಅರ್ಧ ಗಂಟೆಯ ಆಯುಷ್ಯವನ್ನು ತೆರುತ್ತಾರೆ. ನಮಗೆ ಎದ್ದು ಸ್ಥಳ ಬಿಟ್ಟ ತರುಣ ಯಾವ ಮತದವನೋ ಕೇಳಲಿಲ್ಲ. ಕೇಳುವಷ್ಟು ಉಸಿರೂ ಇರಲಿಲ್ಲ. ದಾದರಿನಲ್ಲಿ ಇಳಿದು, ನಿಧಾನದ ಗಾಡಿ ಹಿಡಿದು ಲೋವರ್ ಪರೇಲಿಗೆ ಬಂದಾಗ ಮನೆಯಿಂದ ಹೊರಟು ಒಂದೂವರೆ ಗಂಟೆಯಾಗಿತ್ತು. ಅವನಿಗೆ ಇದು ದಿನಕ್ಕೆ ಎರಡು ಸಲ. ಐದೂವರೆಗೆ ಏಳುತ್ತಾನೆ, ಮನೆ ಸೇರುವುದು ಒಂಬತ್ತಕ್ಕೆ. ಮಗಳು ತಂದೆಯನ್ನು ಸರಿಯಾಗಿ ನೋಡುವುದು ರವಿವಾರ.

ನಾಲ್ಕನೆಯ ದಿನ ನಾವು ಕೇಳದಿದ್ದರೂ ಒಂದು ಹೊಸ ಕಟ್ಟಡವನ್ನು ತೋರಿಸಲು ಕರೆದೊಯ್ದರು. ನಿಲ್ದಾಣದಿಂದ ಮೂರು ಕಿಲೋಮೀಟರ್ ಒಳಗೆ. ಶೇರ್ ರಿಕ್ಷಾಕ್ಕೆ ಸಾಲು ನಿಲ್ಲಬೇಕು. ಹೋಗಬರಲು ನಲವತ್ತು ನಿಮಿಷ ಹೆಚ್ಚು. ಆದರೆ ಲಿಫ್ಟುಂಟು, ಒಂದು ಕೋಣೆ ಹೆಚ್ಚು, ಬೆಲೆಯಲ್ಲಿ ದೊಡ್ಡ ಅಂತರವಿಲ್ಲ. ಮುಖ್ಯವಾಗಿ, ಸಸ್ಯಾಹಾರಿಗಳಿಗೆ ಮಾತ್ರ. ಅಲ್ಲಿಯ ಸೊಸೈಟಿಯ ಕಾರ್ಯದರ್ಶಿಗಳು ಬಂದು ನಮಸ್ಕರಿಸಿ, ಯಾರು ಯಾರನ್ನು ತಾವು ಸೇರಿಸುವುದಿಲ್ಲವೆಂಬುದನ್ನು ಹೆಮ್ಮೆಯಿಂದ ಹೇಳಿದರು. ಒಣಮೀನಿನ ಸಂಜೆ ನೆನಪಾಯಿತು. ಅವರ ಮಾತು ನಮ್ಮ ಕಿವಿಗೆ ಹಿತವಾಗಿಯೇ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇವೆ. ಅಷ್ಟರಲ್ಲಿ ಅವರು ನಮ್ಮ ಹುಡುಗನತ್ತ ತಿರುಗಿ ಕೇಳಿದರು: "ಲಿಂಗಾಯತರೆಂದರೆ ಯಾರು? ಮರಾಠಿಗರೋ, ಮದ್ರಾಸಿಗಳೋ? ಮನೆಯಲ್ಲಿ ಬೆಳ್ಳುಳ್ಳಿ ತಿನ್ನುತ್ತೀರಾ? ಕಮಿಟಿಯಲ್ಲಿ ಕೇಳುತ್ತಾರೆ."

ಹನ್ನೊಂದು ವರ್ಷದಿಂದ ಆ ಊರಿನಲ್ಲಿರುವವನು ಪರೀಕ್ಷೆಗೆ ನಿಂತ ವಿದ್ಯಾರ್ಥಿಯಂತೆ ಉತ್ತರಿಸುತ್ತಿದ್ದ. 2001ರಲ್ಲಿ ನಾವು ಕೇಳಿದ್ದ ಪ್ರಶ್ನೆಯನ್ನು ಈಗ ಬೇರೊಬ್ಬರು ನಮ್ಮವನಿಗೆ ಕೇಳುತ್ತಿದ್ದರು. ಸಹಕಾರಿ ಗೃಹಸಂಘವು ತನ್ನ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಮಿತಿಗೊಳಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ, ಅಹಮದಾಬಾದಿನ ಪಾರ್ಸಿಗಳ ಸಂಘವೊಂದರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಕಾನೂನಿನ ಮಾತು ಅಷ್ಟು. ಸಸ್ಯಾಹಾರ ನಮ್ಮ ವ್ರತ. ಅದನ್ನು ನಾವು ಸಡಿಲಿಸುವವರಲ್ಲ. ಆದರೆ ನಮ್ಮ ವ್ರತವನ್ನು ಬೇರೆಯವರ ಬಾಗಿಲಿಗೆ ಬೀಗವಾಗಿ ಮಾಡಿದ್ದನ್ನು ಕಂಡಾಗ ಅಲ್ಲಿ ಕೊಟ್ಟ ಹಾಲನ್ನು ಕುಡಿಯಲು ಮನಸ್ಸಾಗಲಿಲ್ಲ.

ಕಲೆತು ಬಾಳುವ ಊರಿನಲ್ಲಿ ಜಗಳವೇ ಇಲ್ಲವೇ? ಇದೆ. 2015ರಲ್ಲಿ ಜೈನರ ಪರ್ಯೂಷಣದ ದಿನಗಳಲ್ಲಿ ಮಾಂಸ ಮಾರಾಟ ನಿಲ್ಲಿಸಬೇಕೆಂಬ ನಗರಪಾಲಿಕೆಯ ಆಜ್ಞೆಯಿಂದ ದೊಡ್ಡ ವಿವಾದವಾಯಿತು. 2024ರ ಜನವರಿ 21ರ ರಾತ್ರಿ ನಯಾನಗರ ಬಡಾವಣೆಯಲ್ಲಿ ಎರಡು ಮತದವರ ನಡುವೆ ಘರ್ಷಣೆಯಾಗಿ, ಒಂದೆರಡು ದಿನಗಳಲ್ಲಿಯೇ ಅಲ್ಲಿಯ ಅಂಗಡಿಗಳ ಮೇಲೆ ಬುಲ್ಡೋಜರು ಬಂದಿತು. 2025ರ ಜೂನ್ ಕೊನೆಯಲ್ಲಿ ಮರಾಠಿ ಮಾತಾಡಲಿಲ್ಲವೆಂದು ಅಂಗಡಿಕಾರನೊಬ್ಬನ ಕಪಾಳಕ್ಕೆ ಹೊಡೆದರು. ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಪ್ರತಿಯಾಗಿ ಜುಲೈ 8ರಂದು ಮರಾಠಿಯ ಪರವಾಗಿ ಮೆರವಣಿಗೆ ಹೊರಟಿತು. ನಮ್ಮ ಹುಡುಗ ಪತ್ರ ಬರೆದದ್ದು ಇದಾದ ಮರುತಿಂಗಳು. "ನನಗ ಮರಾಠಿ ಬರ್ತದ್ರಿ, ನನಗೇನ ಆಗಿಲ್ಲ. ಆದ್ರ ಬೆಳಗಾವಿ ಸುದ್ದಿ ಪೇಪರಿನ್ಯಾಗ ಬಂದ ದಿವಸ ಗಾಡ್ಯಾಗ ಕನ್ನಡದಾಗ ಫೋನ್ ಎತ್ತೋದಿಲ್ಲ" ಎಂದ. ಬೆಳಗಾವಿ, ಸೊಲ್ಲಾಪುರ ಸೀಮೆಯ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳಿಗೆ ಹದಿಮೂರು ವರ್ಷ. ಶಾಲೆಯಲ್ಲಿ ಇಂಗ್ಲಿಷು ಮರಾಠಿ, ಮೆಟ್ಟಿಲಿನ ಮೇಲೆ ಹಿಂದಿ, ತಾಯಿಯೊಡನೆ ನವಲಗುಂದದ ಕನ್ನಡ. ಓದಲು ಬರೆಯಲು ಕನ್ನಡ ಬಾರದು. ಈ ಪತ್ರಿಕೆ ಆ ಮನೆಗೆ ತಪ್ಪದೆ ಹೋಗುತ್ತದೆ, ಓದುವವರು ದೊಡ್ಡವರಿಬ್ಬರೇ. ಮೀರಾ ರೋಡಿನಿಂದ ಆದ ನಷ್ಟಗಳಲ್ಲಿ ಇದು ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಆದರೆ ಹುಬ್ಬಳ್ಳಿಯಲ್ಲಿ ನಮ್ಮ ಭಕ್ತರ ಮಕ್ಕಳು ಎಷ್ಟು ಮಂದಿ ಇದನ್ನು ಓದುತ್ತಾರೆ ಎಂದು ಆ ಹುಡುಗಿಯ ತಾಯಿ ಕೇಳಿದಾಗ, ನಾವು ಬೇರೆ ಮಾತು ತೆಗೆದೆವು.

ಕೊನೆಯ ದಿನ ನಾಲಾಸೋಪಾರಕ್ಕೆ ಹೋದೆವು. ಮೀರಾ ರೋಡಿನಿಂದ ಇನ್ನೂ ನಾಲ್ಕು ನಿಲ್ದಾಣ ಆಚೆಗೆ. 2001ರಲ್ಲಿ ನಮ್ಮ ಮಾತು ಕೇಳಿ ಹಿಂದಿರುಗಿದ ಆ ಗುಮಾಸ್ತರ ಮನೆ ಅಲ್ಲಿದೆ. ಆ ಮೇಲೆ ಮನೆಗಳ ಬೆಲೆ ಅವರ ಉಳಿತಾಯಕ್ಕಿಂತ ಬೇಗ ಏರಿತು. ಆರು ಜನ ಅದೇ ಕೋಣೆಯಲ್ಲಿ ಮತ್ತೆ ಎಂಟು ವರ್ಷ ಇದ್ದರು. ಆ ತಾಯಿ ಅಲ್ಲಿಯೇ ತೀರಿಕೊಂಡರು. 2009ರಲ್ಲಿ ಕೈಗೆ ಎಟುಕಿದ್ದು ನಾಲಾಸೋಪಾರ. ನಿವೃತ್ತಿಯವರೆಗೆ ಒಂಬತ್ತು ವರ್ಷ ಅಲ್ಲಿಂದ ಕೋಟೆಗೆ ಓಡಾಡಿದರು. 2022ರಲ್ಲಿ ಲಿಂಗೈಕ್ಯರಾದರು.

ಹೋಗುವಾಗ ಗಾಡಿಯಲ್ಲಿ ಲೆಕ್ಕ ಹಾಕಿದೆವು. ಮೀರಾ ರೋಡಿನಿಂದ ಅಲ್ಲಿಗೆ ಇಪ್ಪತ್ತು ನಿಮಿಷ. ಹೋಗಬರಲು ನಲವತ್ತು. ವರ್ಷಕ್ಕೆ ಮುನ್ನೂರು ದಿನದಂತೆ ಒಂಬತ್ತು ವರ್ಷಕ್ಕೆ ಒಂದು ಸಾವಿರದ ಎಂಟುನೂರು ಗಂಟೆ. ಹಗಲಿರುಳು ಎಣಿಸಿದರೆ ಎಪ್ಪತ್ತೈದು ದಿನ ಒಬ್ಬ ಮನುಷ್ಯ, ನಾವು ಆಡಿದ ಎರಡು ಮಾತಿಗಾಗಿ, ರೈಲಿನಲ್ಲಿ ನಿಂತಿದ್ದ. ಚಾಳಿನ ಆ ಎಂಟು ವರ್ಷಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತೋಚಲಿಲ್ಲ.

ಅವರ ಪತ್ನಿ ನಮ್ಮನ್ನು ಕೂರಿಸಿ ಹಣ್ಣು ತಂದಿಟ್ಟರು. ಅಕ್ಕಪಕ್ಕ ಯಾರಿದ್ದಾರೆಂದು ಕೇಳಿದೆವು. "ಎಲ್ಲಾ ಮಂದಿನೂ ಅದಾರ್ರೀ. ಅಲ್ಲಿ ಇದ್ದವರ ಇಲ್ಲೂ" ಎಂದರು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ದಿನವೂ ಲಿಂಗಪೂಜೆ ಮಾಡುತ್ತಾನೆ, ಒಬ್ಬ ಬಿಟ್ಟಿದ್ದಾನೆ. ಬೆಳೆದದ್ದು ಇಬ್ಬರೂ ಒಂದೇ ಕೋಣೆಯಲ್ಲಿ, ನಮ್ಮವರ ನಡುವೆಯೇ. ಅಂದಿನ ನಮ್ಮ ಮಾತನ್ನು ನಾವಾಗಿಯೇ ಎತ್ತಿದೆವು, ತಪ್ಪಾಯಿತೆಂದೆವು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಅವರು ನಿಮ್ಮ ಮ್ಯಾಲೆ ಎಂದೂ ಸಿಟ್ಟು ಮಾಡಲಿಲ್ರೀ ಅಜ್ಜಾರ. ಗಾಡಿ ಮ್ಯಾಲೆ ಸಿಟ್ಟು ಮಾಡತಿದ್ರು."

ರಾತ್ರಿ ಹುಡುಗನಿಗೆ ನಮ್ಮ ಅಭಿಪ್ರಾಯ ತಿಳಿಸಿದೆವು. ನೆರೆಯವರ ಮತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಗಡಿಯಾರವನ್ನು ತೆಗೆದುಕೋ ಎಂದೆವು. ಹುಬ್ಬಳ್ಳಿಯಲ್ಲಿ ಇದರ ಮುಕ್ಕಾಲು ಸಂಬಳ ಸಿಗುವ ಕೆಲಸವಿದ್ದರೆ ನಾಳೆಯೇ ಹೊರಡು. ಊರಲ್ಲಿ ಎಪ್ಪತ್ತಾರು ವರ್ಷದ ನಿನ್ನ ತಾಯಿ ಒಬ್ಬಳೇ ಇದ್ದಾಳೆ. ಅವನು ಎರಡು ವರ್ಷ ಹುಡುಕಿದ್ದನಂತೆ. ಅರ್ಧ ಸಂಬಳದ ಕೆಲಸವೂ ಸಿಕ್ಕಿರಲಿಲ್ಲ. ಹಾಗಾದರೆ ಲಿಫ್ಟಿನ ಮನೆಯನ್ನು ಬಿಡು. ನಿಲ್ದಾಣಕ್ಕೆ ಹತ್ತಿರದ ಈ ಹಳೆಯದನ್ನೇ ತೆಗೆದುಕೋ. ಉಳಿಯುವ ನಲವತ್ತು ನಿಮಿಷ ಮಗಳದು. ಕಟ್ಟಡದ ತೊಲೆಗಳನ್ನು ಬಲ್ಲ ಇಂಜಿನಿಯರಿಗೆ ತೋರಿಸು. ನೀರಿನ ಟ್ಯಾಂಕರಿಗೆ ಸೊಸೈಟಿ ವರ್ಷಕ್ಕೆ ಎಷ್ಟು ಕೊಟ್ಟಿದೆಯೆಂದು ಲೆಕ್ಕದ ಪುಸ್ತಕ ಕೇಳಿ ನೋಡು, ಅದು ನಿನ್ನ ವಿದ್ಯೆಯೇ ಅಲ್ಲವೇ ಎಂದೆವು. ತಾಯಿ ಮೂರು ಮಹಡಿ ಹತ್ತಲಾರಳೆಂದು ಅವನ ಹೆಂಡತಿ ಮೆಲ್ಲಗೆ ಅಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಲ್ಲವೆಂದೇ ಹೇಳಿದೆವು.

ಮಾಘ ಮಾಸದಲ್ಲಿ ನೋಂದಣಿ ಮುಗಿಯಿತೆಂದು ಪತ್ರ ಬಂದಿತು. ಇಪ್ಪತ್ತು ವರ್ಷದ ಸಾಲ. ತಾಯಿ ಇನ್ನೂ ಊರಲ್ಲಿಯೇ ಇದ್ದಾಳೆ. ಶ್ರಾವಣಕ್ಕೆ ಕರೆತಂದು ಮೂರು ಮಹಡಿಯನ್ನು ಕುರ್ಚಿಯಲ್ಲಿ ಹೊತ್ತು ಹತ್ತಿಸುವುದಾಗಿ ಕೆಳಗಿನ ಅಂಗಡಿಯವನ ಮಕ್ಕಳು ಹೇಳಿದ್ದಾರಂತೆ, ಅವಳು ಒಪ್ಪಿಲ್ಲ. ಆ ಭಾಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಶ್ರಾವಣದ ಮೊದಲ ಸೋಮವಾರ ಮನೆಗೆ ಬರಬೇಕೆಂದು ಕೇಳಿಕೊಂಡಿದ್ದಾನೆ. ವಿಳಾಸ ಮಠದ ಕಚೇರಿಯಲ್ಲಿದೆ. ಪತ್ರದ ಕೊನೆಗೆ ಮಗಳು ತನ್ನ ಕೈಯಿಂದ ಒಂದು ಸಾಲು ಬರೆದಿದ್ದಾಳೆ: "ಅಜ್ಜಾರ, ನಮ್ಮ ಗಾಡ್ಯಾಗ ಮತ್ತ ಯಾವಾಗ ಬರ್ತೀರಿ?" ಮಾತು ಕನ್ನಡದ್ದು, ಅಕ್ಷರ ದೇವನಾಗರಿ.